‘ಜ಼ೂ’ ಎಂದಿದ್ದಕ್ಕೆ ನಾಲ್ಕು ಏಟು

ಕಳೆದ ಸೋಮವಾರ ಸವಣೂರಿನಲ್ಲಿ ಒಬ್ಬ ದರ್ಜಿ ನನ್ನ ಕೋಟಿನ ಹರಿದ ತೋಳು ಹೊಲಿದುಕೊಟ್ಟ. ಒಂಬತ್ತು ವರ್ಷದ ಹಿಂದೆ ಅವನ ಅಂಗೈಗೆ ನಾನು ಛಡಿಯಿಂದ ಹೊಡೆದಿದ್ದೆ. ಯಾಕೆ? ಇಂಗ್ಲಿಷನ್ನು ಸರಿಯಾಗಿ ಉಚ್ಚರಿಸಿದ್ದಕ್ಕೆ.

ಎರಡನೆಯ ಮಹಾಯುದ್ಧ ಶುರುವಾಗುವ ಮುಂಚಿನ ಮಾತು. ಹಾನಗಲ್ಲಿನಲ್ಲಿ ಇಂಗ್ಲಿಷ್ ಒಂದನೆಯ ಇಯತ್ತೆಗೆ ನಾನು ಮಾಸ್ತರ. ಮ್ಯಾಟ್ರಿಕ್ ಪಾಸು, ವಯಸ್ಸು ಇಪ್ಪತ್ತೆರಡು. (ಆ ವಯಸ್ಸಿನಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ.) ಹನ್ನೆರಡು ವರ್ಷದ ಮಕ್ಕಳಿಗೆ ಒಂದೊಂದೇ ಅಕ್ಷರದ ಉಚ್ಚಾರ ಕಲಿಸುತ್ತಿದ್ದೆ. ಅವತ್ತು ಹಲಗೆಯ ಮೇಲೆ zoo ಎಂದು ಬರೆದು ‘ಜೂ’ ಎಂದೆ. ಕ್ಲಾಸೆಲ್ಲ ‘ಜೂ’ ಎಂದಿತು. ಒಬ್ಬ ಮಾತ್ರ ‘ಜ಼ೂ’ ಎಂದ, ಜೇನುಹುಳ ಗುಂಯ್‌ಗುಟ್ಟಿದ ಹಾಗೆ.

ಅವನ ಹೆಸರು ಜ಼ಫ಼ರ್. (ಅಚ್ಚಿನ ಮೊಳೆ ಜೋಡಿಸುವವರೇ, ಆ ಎರಡು ಚುಕ್ಕಿ ಬಿಡಬೇಡಿರಿ. ಇವತ್ತಿನ ಮಾತೆಲ್ಲ ಅವುಗಳದ್ದೇ.) ತಂದೆಯಿಲ್ಲದ ಹುಡುಗ. ತಾಯಿ ಸವಣೂರಿನಲ್ಲಿ, ಇವನು ಕಲಿಯಲೆಂದು ಹಾನಗಲ್ಲಿನ ಸೋದರಮಾವನ ಮನೆಯಲ್ಲಿದ್ದ.

“ಇದು ಉರ್ದು ಕ್ಲಾಸ್ ಅಲ್ಲೋ,” ಎಂದೆ. ಎಲ್ಲರೂ ನಕ್ಕರು.

“ನನ್ನ ಹೆಸರಿನಾಗೂ ಇದ ಐತ್ರಿ, ಸರ. ಮನಿಯಾಗ ಎಲ್ಲಾರೂ ಹಿಂಗ ಅಂತಾರ್ರಿ.”

ಮಾಸ್ತರಿಗೇ ಎದುರುತ್ತರ. ಕೈ ಚಾಚಿಸಿದೆ. ನಾಲ್ಕು ಏಟು. ಮರುದಿನ ನಾನು ‘ಪೈವ್’ ಎಂದು ಹೇಳಿಕೊಟ್ಟೆ. ಅವನು ಕೆಳದುಟಿಯನ್ನು ಹಲ್ಲಿಗೆ ತಾಗಿಸಿ ‘ಫ಼ೈವ್’ ಎಂದ. ಮತ್ತೆ ಛಡಿ.

ವಾರದೊಳಗೆ ಅವನೂ ‘ಜೂ’ ಎನ್ನತೊಡಗಿದ. ಗೆದ್ದೆ ಅಂದುಕೊಂಡೆ. ಆಮೇಲೆ ಅವನು ಕ್ಲಾಸಿನಲ್ಲಿ ತಾನಾಗಿ ಬಾಯಿ ತೆರೆಯಲೇ ಇಲ್ಲ. ಅದು ನನ್ನ ಕಣ್ಣಿಗೆ ಬೀಳಲಿಲ್ಲ. ದಿನಾ ಹಾಜರಿಯಲ್ಲಿ ‘ಜಪರ್’ ಎಂದು ಕೂಗುತ್ತಿದ್ದೆ. ಅದನ್ನವನು ಎಂದೂ ತಿದ್ದಲಿಲ್ಲ.

ಮುಂದಿನ ವರ್ಷ ನನ್ನನ್ನು ಬೆಳಗಾವಿಗೆ ಟ್ರೇನಿಂಗಿಗೆ ಕಳಿಸಿದರು. ಅಲ್ಲಿನ ಹಿರಿಯ ಮಾಸ್ತರರೊಬ್ಬರು ನನ್ನ ಕೈಗೆ ಕನ್ನಡಿ ಕೊಟ್ಟು, ಬಾಯಿ ನೋಡಿಕೊಳ್ಳುತ್ತ ‘ಜ಼ೂ’ ಅನ್ರಿ ಎಂದರು. ಬರಲಿಲ್ಲ. ‘ಫ಼ೈವ್’? ಅದೂ ಬರಲಿಲ್ಲ.

“ನಿಮ್ಮ ಊರಾಗ ಉರ್ದು ಮಾತಾಡೋ ಹುಡುಗೂರು ಇದ್ರ ಅವರನ್ನ ಕೇಳಿ ಕಲೀರಿ,” ಎಂದರು. “ಅವರಿಗೆ ಈ ಉಚ್ಚಾರ ಮನಿಯಿಂದನ ಬಂದಿರ್ತದ.”

ಕನ್ನಡಿ ಕೆಳಗಿಟ್ಟೆ.

ಹಾನಗಲ್ಲಿಗೆ ಮರಳಿದಾಗ ಜ಼ಫ಼ರ್ ಇರಲಿಲ್ಲ. ಅವನ ಸೋದರಮಾವನನ್ನು ಕೇಳಿದೆ.

“ಇಂಗ್ಲಿಷ್ ನನಗ ಹತ್ತಂಗಿಲ್ಲ ಅಂತ ಸಾಲಿ ಬಿಟ್ಟಾನ್ರಿ. ಸವಣೂರಾಗ ಹೊಲಿಗಿ ಕಲ್ಯಾಕತ್ತಾನ.”

ಹೋಗಿ ಹೇಳಬೇಕಿತ್ತು. ಹೋಗಲಿಲ್ಲ. ಮಾಸ್ತರನಾದವನು ಹುಡುಗನೆದುರು ತಪ್ಪೊಪ್ಪಿಕೊಳ್ಳುವುದೇ? ಮೊದಲು ನಾಚಿಕೆ. ಆಮೇಲೆ ಯುದ್ಧ, ಪೆಟ್ರೋಲಿಲ್ಲ, ಮೋಟಾರಿಲ್ಲ ಎಂಬ ನೆವ. ಆಮೇಲೆ ಮರೆವು. (ಮರೆವು ಎಂದದ್ದು ಸುಳ್ಳು. ಪ್ರತಿ ವರ್ಷ ಹೊಸ ಮಕ್ಕಳಿಗೆ ಆ ಅಕ್ಷರ ಕಲಿಸುವಾಗ ನೆನಪಾಗುತ್ತಿದ್ದ.) ಅಷ್ಟರಲ್ಲಿ ನನ್ನ ನಾಲಿಗೆಯೂ ತಿರುಗಿತ್ತು. ತಪಾಸಣೆಗೆ ಬಂದ ಇನ್‌ಸ್ಪೆಕ್ಟರ್ ಸಾಹೇಬರು ಮೆಚ್ಚಿ, “ಉಚ್ಚಾರ ಭಾಳ ಚಲೋ. ಎಲ್ಲಿ ಕಲಿತ್ರಿ?” ಎಂದರು.

“ಬೆಳಗಾವಿಯಾಗ್ರಿ,” ಎಂದೆ.

ಮೊನ್ನೆ ಸೋಮವಾರ ಸವಣೂರಿನಲ್ಲಿ ಮೋಟಾರು ಇಳಿಯುವಾಗ ಬಾಗಿಲಿನ ಮೊಳೆಗೆ ಕೋಟು ಹರಿಯಿತು. ಎದುರಿಗೆ ಕಂಡ ದರ್ಜಿಯ ಅಂಗಡಿಗೆ ಹೊಕ್ಕೆ. ಮಶೀನಿನ ಮುಂದಿದ್ದ ಗಡ್ಡದ ಯುವಕ ಎದ್ದು ನಿಂತ.

“ಹಾನಗಲ್ಲ ಮಾಸ್ತರಲ್ಲೇನ್ರಿ? ಬರ್ರಿ, ಕುಂದರ್ರಿ.”

“ಜ಼ಫ಼ರ್,” ಎಂದೆ. ಜೀವನದಲ್ಲಿ ಮೊದಲ ಸಲ ಸರಿಯಾಗಿ.

ಅವನು ಹೊಲಿಯುತ್ತಿದ್ದಾಗ ಬೆಳಗಾವಿಯ ಕಥೆ ಹೇಳಿದೆ. ಮಶೀನು ನಿಂತಿತು.

“ಹಂಗಾರ ನಂದು ಸರಿ ಇತ್ತೇನ್ರಿ?”

“ನಿಂದ ಸರಿ ಇತ್ತಪ್ಪಾ. ತಪ್ಪು ನಂದು.”

ಅವನು ಕೋಟಿನ ತೋಳು ಸವರಿದ.

“ನಾವು ಮನಿಯಾಗ ಆಡೋ ಮಾತಿನಿಂದನ ನಿನ್ನ ನಾಲಿಗಿ ಕೆಡ್ತು, ಸಾಲಿ ಹೋತು ಅಂತ ಅವ್ವ ಅಳತಿದ್ಳ್ರಿ,” ಎಂದ. “ನನ್ನ ಸಣ್ಣ ತಂಗಿ ಎದುರಿಗೆ ಅವ್ವ ಉರ್ದು ಮಾತಾಡೋದನ್ನ ಬಿಟ್ಟಿದ್ಳು. ಹ್ವಾದ ವರ್ಷ ಅವ್ವ ತೀರಿಕೊಂಡ್ಳು.”

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ತಪ್ಪು ನನ್ನದೆಂದು ಮಗನಿಗೇನೋ ಹೇಳಿ ಬಂದೆ. ಆ ತಾಯಿಗೆ ಯಾರು ಹೇಳಬೇಕು?