ಕ್ಲೈಮ್ಯಾಕ್ಸ್‌ಗೆ ಮುಂಚೆ ಕಾರು ತೆಗೆಯುವವರು

ಡಿಸೆಂಬರ್ ಬಂತು ಅಂದ್ರೆ ಊರಲ್ಲಿರೋರೆಲ್ಲ ವಿಮರ್ಶಕರು. "ಮಗಾ, ಈ ವರ್ಷ ನಿನ್ ಫೇವರಿಟ್ ಸಿನಿಮಾ ಯಾವ್ದು?" ಅಂತ ಗೆಳೆಯರು ಕೇಳ್ತಾರೆ. ಹೇಳ್ತೀನಿ, ಆದರೆ ಮುಕ್ಕಾಲು ಭಾಗ ಮಾತ್ರ. ಯಾಕಂದ್ರೆ ಒಂದನ್ನು ಬಿಟ್ಟು ಯಾವ ಸಿನಿಮಾದ ಕೊನೆಯನ್ನೂ ನಾನು ನೋಡಿಲ್ಲ.

ಕಾರಣ, ನಮ್ಮಪ್ಪ ಮತ್ತು ನಮ್ಮ ಹಳೇ ಕಾರು. ವಿಜಯನಗರದ ಕಡೆ ನಾವು ಹೋಗುವ ಥಿಯೇಟರಿನಲ್ಲಿ ಗಾಡಿಗಳನ್ನು ತಟ್ಟೆಯಲ್ಲಿ ಇಡ್ಲಿ ಜೋಡಿಸಿದ ಹಾಗೆ ನಿಲ್ಲಿಸ್ತಾರೆ. ಸಿನಿಮಾ ಬಿಟ್ಟ ಮೇಲೆ ಹೊರಗೆ ಬರೋಕೆ ಇನ್ನೊಂದು ಸಿನಿಮಾದಷ್ಟು ಹೊತ್ತು ಬೇಕು. ಹಾಗಾಗಿ ಹೀರೋ ಕೊನೇ ಸಲ ತೋಳು ಮಡಚುತ್ತಿದ್ದ ಹಾಗೇ ಅಪ್ಪ ಎದ್ದು, "ಏಳಿ ಏಳಿ, ಇನ್ನೇನಿದೆ, ಹೊಡೀತಾನೆ ಅಷ್ಟೇ" ಅಂತಾರೆ. ಸಾಲಲ್ಲಿ ಕೂತವರ ಕಾಲೆಲ್ಲ ತುಳಿದುಕೊಂಡು, "ಸಾರಿ ಆಂಟಿ, ಸಾರಿ ಅಣ್ಣ" ಅಂತ ಹೊರಟುಬಿಡ್ತೀವಿ.

ಉಳಿದ ಕ್ಲೈಮ್ಯಾಕ್ಸನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂತು ನಾನೇ ಕಟ್ಟುತ್ತೀನಿ. ನನಗೆ ಬರೋ ವಿದ್ಯೆ ಮಿಮಿಕ್ರಿ ಒಂದೇ. ಇಂಜಿನಿಯರಿಂಗ್ ಡಿಗ್ರಿಯನ್ನು ಲೆಕ್ಕಕ್ಕೆ ಹಿಡಿದೇ ಹೇಳ್ತಿದೀನಿ. ವಿಲನ್ನಿನ ಗೊರಗೊರ, ಹೀರೋಯಿನ್ನಿನ ಬಿಕ್ಕು, ಹೆಲಿಕಾಪ್ಟರ್, ಎಲ್ಲಾ ನಾನೇ. ನಾಗರಬಾವಿಯ ಮನೆ ಮುಟ್ಟುವಷ್ಟರಲ್ಲಿ ಶುಭಂ.

ಈ ವರ್ಷ ನನಗೆ ತುಂಬಾ ಹಿಡಿಸಿದ್ದರಲ್ಲಿ ಒಂದು, ಹೀರೋ ಒಬ್ಬನೇ ಇಡೀ ಬಂದರನ್ನು ಸುಡುವ ಚಿತ್ರ. ಯಾಕೆ ಸುಟ್ಟ ಅಂತ ಕೊನೇಲಿ ಹೇಳಿರಬೇಕು. ಇನ್ನೊಂದು ದೆವ್ವದ್ದು. ದೆವ್ವ ಯಾರು ಅಂತ ಇವತ್ತಿಗೂ ಗೊತ್ತಿಲ್ಲ, ಹಾಗಾಗಿ ಭಯ ಇನ್ನೂ ಹೋಗಿಲ್ಲ. ಅಪ್ಪನ ಫೇವರಿಟ್ ಬೇರೆ. ಕತೆ ಮರೆತಿದ್ದಾರೆ, "ಗೇಟ್ ಪಕ್ಕದಲ್ಲೇ ಜಾಗ ಸಿಕ್ಕಿತ್ತಲ್ಲ, ಆ ಸಿನಿಮಾ" ಅಂತಾರೆ.

ಅಮ್ಮ ಯಾವತ್ತೂ ಫೇವರಿಟ್ ಅಂತ ಹೇಳಿದವಳಲ್ಲ. ಕಳೆದ ತಿಂಗಳು ಭಾನುವಾರದ ಮ್ಯಾಟಿನಿಗೆ ಹೋದದ್ದು ಬೇರೆ ಥರದ್ದು. ಹೀರೋ ಇಲ್ಲ, ಫೈಟ್ ಇಲ್ಲ. ಆಸ್ತಿಯಲ್ಲಿ ಪಾಲು ಕೇಳಿ ಅಣ್ಣಂದಿರ ಮೇಲೆ ಕೇಸು ಹಾಕಿದ ಒಬ್ಬ ತಂಗಿ. ಇಂಟರ್ವಲ್‌ಗೆ ಮುಂಚೆಯೇ ನಾನು ಪಾಪ್‌ಕಾರ್ನ್ ಮುಗಿಸಿ ಆಕಳಿಸ್ತಿದ್ದೆ. ಅಮ್ಮ ಒಂದು ಕಾಳೂ ಮುಟ್ಟಿರಲಿಲ್ಲ.

ಅಮ್ಮನ ತವರು ಮಾರೇನಹಳ್ಳಿ. ತಾತ ರಾಗಿ ಬೆಳೆದ ಜಾಗದಲ್ಲಿ ಈಗ ಮಾವಂದಿರ ಬಿಲ್ಡಿಂಗು, ಕೆಳಗೆ ಮೊಬೈಲ್ ಅಂಗಡಿ. ತಾತ ತೀರಿಕೊಂಡಾಗ ಅಣ್ಣಂದಿರು ತೋರಿಸಿದ ಕಡೆಯೆಲ್ಲ ಸಹಿ ಹಾಕಿ, ಅರಿಶಿನ ಕುಂಕುಮದ ಜೊತೆ ಒಂದು ರೇಷ್ಮೆ ಸೀರೆ ತಗೊಂಡು ಬಂದವಳು ಅಮ್ಮ. ಆ ಸೀರೆ ಬೀರುವಿನಿಂದ ಹೊರಗೆ ಬಂದಾಗಲೆಲ್ಲ ನಾನು ದೊಡ್ಡ ಮಾವನ ಮೂಗಿನ ಧ್ವನಿಯಲ್ಲಿ, "ಬಹಳ ಬೆಲೆ ಬಾಳೋ ಸೀರೆ ಕಣಮ್ಮ" ಅಂತಿದ್ದೆ. ಅಮ್ಮ ನಗ್ತಿದ್ದಳು.

ಪರದೆ ಮೇಲೆ ಜಡ್ಜು ಒಮ್ಮೆ ಕೆಮ್ಮಿ, ಕನ್ನಡಕ ಏರಿಸಿ ತೀರ್ಪಿನ ಹಾಳೆ ತಿರುಗಿಸಿದರು. ಅಪ್ಪ ಎದ್ದರು.

"ಏಳಿ ಏಳಿ."

ಅಮ್ಮ ಏಳಲಿಲ್ಲ.

"ಏಳೇ, ಆಮೇಲೆ ಗಾಡಿ ತೆಗೆಯೋಕಾಗಲ್ಲ. ಕೊನೇದನ್ನ ಇವನು ಹೇಳ್ತಾನೆ."

"ಇವನು ಹೇಳೋದು ಇವನ ತೀರ್ಪು. ನಂಗೆ ಆ ಜಡ್ಜ್ ಏನಂತಾರೆ ಕೇಳ್ಬೇಕು. ನೀವು ಹೋಗಿ."

ಹಿಂದಿನ ಸಾಲಿಂದ ಯಾರೋ, "ಅಂಕಲ್, ಕೂತ್ಕೊಳ್ಳಿ ಇಲ್ಲಾ ಹೊರಡಿ, ನೀವೇನು ಸ್ಕ್ರೀನಾ?" ಅಂದರು. ಅಪ್ಪ ಹೊರಟರು. ನಾನು ಅರ್ಧ ಎದ್ದು, ಅರ್ಧ ಕೂತು, ಹುಟ್ಟಿದಾರಭ್ಯ ತೋರಿಸದಿದ್ದ ಧೈರ್ಯ ತೋರಿಸಿ ಪೂರ್ತಿ ಕೂತೆ.

ತಂಗಿಗೆ ಪಾಲು ಸಿಕ್ಕಿತು. ಜನ ಎದ್ದು ಹೋದರು. ಲೈಟ್ ಹಿಡಿದವರು, ಊಟ ಬಡಿಸಿದವರು, ಎಲ್ಲರ ಹೆಸರೂ ಮೇಲೇರಿ ಮುಗಿಯುವವರೆಗೂ ಅಮ್ಮ ಕೂತೇ ಇದ್ದಳು. ಪೊರಕೆ ಹಿಡಿದ ಆಂಟಿ ಬಂದು "ಕಾಲೆತ್ತಿ" ಅಂದ ಮೇಲೆ ಎದ್ದಳು.

ಹೊರಗೆ ಅಪ್ಪ ಕಾರು ತೆಗೆದು, ನಮಗೆ ಕಾಯುತ್ತಾ, ಸರಿಯಾಗಿ ಗೇಟಿಗೇ ಅಡ್ಡ ನಿಲ್ಲಿಸಿದ್ದರು. ಹಿಂದೆ ಇಡೀ ಥಿಯೇಟರ್ ಹಾರನ್ ಹೊಡೀತಿತ್ತು. ಇಷ್ಟು ವರ್ಷ ಯಾವ ಜಾಮ್‌ಗೆ ಹೆದರಿ ಓಡಿದ್ದರೋ, ಅದನ್ನು ಸ್ವತಃ ಅವರೇ ನಿರ್ಮಿಸಿ ನಿರ್ದೇಶಿಸಿದ್ದರು.

ಕಾರು ರಸ್ತೆಗೆ ಬಿದ್ದ ಮೇಲೆ ಅಪ್ಪ ಕನ್ನಡಿಯಲ್ಲಿ ನನ್ನನ್ನು ನೋಡಿ, "ಏನಾಯ್ತೋ ಕೊನೇಲಿ?" ಅಂದರು. ನಾನು ಗಂಟಲು ಸರಿಮಾಡಿಕೊಂಡು ಜಡ್ಜಿನ ಧ್ವನಿ ತೆಗೆದೆ.

"ನೀನು ಸುಮ್ನಿರು," ಅಂದಳು ಅಮ್ಮ. ಆಮೇಲೆ ತಾನೇ ಕನ್ನಡಕ ಏರಿಸಿ, ಹಾಳೆ ತಿರುಗಿಸುವ ಹಾಗೆ ಬೆರಳಾಡಿಸಿ, ತೀರ್ಪು ಓದಿದಳು. ಆ ಕೆಮ್ಮು ಸಮೇತ. ಕುಲಕಸುಬು ಅಮ್ಮನ ಕಡೆಯಿಂದ ಬಂದಿದ್ದು ಅಂತ ಅವತ್ತು ಗೊತ್ತಾಯ್ತು.

ಸಿಗ್ನಲ್ ಹತ್ತಿರ ಬಂದಾಗ, "ಮಾರೇನಹಳ್ಳಿ ಕಡೆ ತಿರುಗ್ಸಿ. ಅಣ್ಣನ ಹತ್ರ ಸ್ವಲ್ಪ ಮಾತಾಡೋದಿದೆ" ಅಂದಳು. ದೊಡ್ಡ ಮಾವನ ಧ್ವನಿ ನನ್ನ ಬಾಯಿತನಕ ಬಂದಿತ್ತು; ನುಂಗಿಕೊಂಡೆ.

"ಈಗಾ?" ಅಂದರು ಅಪ್ಪ. "ಅಲ್ಲಿ ಪಾರ್ಕಿಂಗ್ ಎಲ್ಲಿದೆ ಕಣೇ."

"ಬಿಲ್ಡಿಂಗ್ ಒಳಗಡೇನೇ ನಿಲ್ಸಿ. ಅದ್ರಲ್ಲಿ ನಂದೂ ಜಾಗ ಇತ್ತು."

ಅಪ್ಪ ಇಂಡಿಕೇಟರ್ ಹಾಕಿದರು.