ಬಚ್ಚಲಿನ ಹಿಂದೆ ಬಂದ ರಸ್ತೆ

ನಮ್ಮ ಕೇರಿಯ ವಿಶಾಲಕ್ಕನವರ ಬೇಲಿಗೆ ಒಂದು ತಗಡಿನ ಬೋರ್ಡು ಕಟ್ಟಿತ್ತು. ಎಣ್ಣೆ ಡಬ್ಬಿಯನ್ನು ಬಿಡಿಸಿ, ತಟ್ಟಿ, ಚಪ್ಪಟೆ ಮಾಡಿದ ಅದರ ಮೇಲೆ ‘ಇಲ್ಲಿ ದಾರಿ ಇಲ್ಲ’ ಎಂದು ಕೆಂಪು ಬಣ್ಣದಲ್ಲಿ ಬರೆದಿತ್ತು ಎಂದು ನನ್ನ ನೆನಪು. ಹಸಿರು ಎಂದು ನನ್ನ ಹೆಂಡತಿ. ನನ್ನ ನೆನಪು ಇಷ್ಟು ಖಚಿತವಾಗಿ ಮಾತಾಡತೊಡಗಿದಾಗಲೆಲ್ಲ ನಾನು ಹೆಂಡತಿಯ ಕಡೆಗೇ ವಾಲುತ್ತೇನೆ. ನೀವೂ ಹಸಿರೆಂದೇ ಇಟ್ಟುಕೊಳ್ಳಿ.

ಬಣ್ಣ ಯಾವುದಾದರೂ ಬರಹವಂತೂ ಸುಳ್ಳು. ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಮೇಲಿನ ಕೇರಿಗೆ ಹೋಗುವವರೆಲ್ಲ ಆ ಬೋರ್ಡಿನ ಪಕ್ಕದಲ್ಲೇ, ದನ ಬಾರದಂತೆ ಆದರೆ ಮನುಷ್ಯರು ನುಸುಳುವಂತೆ ಬೇಲಿಯಲ್ಲಿ ಬಿಟ್ಟ ತಡಮೆಯನ್ನು ದಾಟಿ, ವಿಶಾಲಕ್ಕನ ಅಂಗಳದ ಮೂಲಕವೇ ಹೋಗುತ್ತಿದ್ದರು. ಒಬ್ಬರ ಅಂಗಳ ಹಾಯುವಾಗ ಬಾಯಿ ಮುಚ್ಚಿಕೊಂಡು ಹೋಗುವುದು ನಮ್ಮ ಕಡೆ ಕಳ್ಳತನಕ್ಕೆ ಸಮ. “ಎಂತ ಮಾಡ್ತಿದ್ರಿ ಅಕ್ಕ?” ಎಂಬ ಸುಂಕವನ್ನಾದರೂ ಕಟ್ಟಬೇಕು. ಅಕ್ಕ ಜಗಲಿಯ ಮೇಲೆ ಹೊಲಿಗೆ ಯಂತ್ರ ತುಳಿಯುತ್ತ ಉತ್ತರ ಕೊಡುತ್ತಿದ್ದರು, ಮಾತು ಬೆಳೆಯುತ್ತಿತ್ತು, ಕೊನೆಗೆ ಯಾರದೋ ಚೀಲದಿಂದ ಒಂದು ಬ್ಲೌಸ್ ಪೀಸು ಹೊರಬರುತ್ತಿತ್ತು. ಡ್ರೈವರ್ ಆಗಿದ್ದ ಗಂಡ ಗುಂಡಣ್ಣನವರ ಮಂಡಿ ಕೈಕೊಟ್ಟ ಮೇಲೆ ಆ ಮನೆಯ ಒಲೆ ಉರಿಯುತ್ತಿದ್ದದ್ದು ಆ ಯಂತ್ರದಿಂದಲೇ.

ಆದರೂ ಅಕ್ಕನಿಗೆ ದಾರಿಹೋಕರನ್ನು ಕಂಡರೆ ಸಿಟ್ಟು. “ಇದು ಮನೆಯಾ ಬಸ್ ಸ್ಟ್ಯಾಂಡಾ ಮಾರಾಯ್ರೆ? ಹಾಕಿದ ರಂಗೋಲಿ ನಾನೇ ನೋಡೂದ್ರೊಳಗೆ ನಾಲ್ಕು ಚಪ್ಪಲಿ ನೋಡಿರ್ತಾವೆ!” ಎಂದು ವಾರ್ಡಿನ ಮೆಂಬರನ್ನು ಹಿಡಿದು, ಮೇಲಿನ ಕೇರಿಗೆ ಬೇರೆ ರಸ್ತೆ ಆಗಲೇಬೇಕೆಂದು ಪಟ್ಟು ಹಿಡಿದರು.

ಇಲ್ಲಿ ಒಂದು ಮಾತು ಹೇಳಬೇಕು. ಬೀದಿ ಎಂಬುದು ನಮಗೆ ಒಗ್ಗಿ ಬಂದದ್ದಲ್ಲ. ನಮ್ಮ ಹಿರಿಯರು ಗುಡ್ಡಕ್ಕೊಂದು ಮನೆ ಕಟ್ಟಿಕೊಂಡು, ಪಕ್ಕದ ಮನೆಯ ಹೊಗೆ ಕಂಡರೆ ಸಾಕು, ಮುಖ ಕಾಣಬೇಕಾಗಿಲ್ಲ ಎಂದು ನೆಮ್ಮದಿಯಾಗಿ ಇದ್ದವರು. ಶೃಂಗೇರಿಯಲ್ಲಾದರೆ ಬೀದಿಗೆ ತಾನು ಎಲ್ಲಿಗೆ ಹೋಗಬೇಕೆಂಬುದು ಸ್ಪಷ್ಟವಾಗಿ ಗೊತ್ತು. ದೇವರತ್ತ ನಡೆಯುವವರ ಕಡೆಗೆ ಅಂಗಡಿಗಳು ಮುಖ ಮಾಡಿ ಕೂತಿವೆ. ನರಸಿಂಹರಾಜಪುರದ ಕಡೆ ಹಿನ್ನೀರಿನ ತನಕ ಹೋಗಿ, ಮುಂದೆ ಏನೂ ತೋಚದೆ ನಿಂತುಬಿಟ್ಟ ದಾರಿಗಳಿವೆ. ಅಲ್ಲಿ ಚಾ ಮಾರುವವನೂ ಕೂರುವುದಿಲ್ಲ. ಊರನ್ನು ಮನುಷ್ಯರು ಕಟ್ಟುತ್ತಾರೆ ಎಂಬುದು ನಮ್ಮ ಜಂಭ. ಕಾಲುಗಳು ಎಲ್ಲಿ ಹಾಯುತ್ತವೋ ಅಲ್ಲಿಗೆ ಅಂಗಡಿ, ಜಗಳ, ಮಲ್ಲಿಗೆ ಮಾಲೆ, ಮೊಬೈಲ್ ರೀಚಾರ್ಜು ಎಲ್ಲ ತೆವಳಿಕೊಂಡು ಬಂದು ಕೂರುತ್ತವೆ.

ಅಂತೂ ರಸ್ತೆ ಬಂತು. ಕಾಂಕ್ರೀಟಿನದು, ಅಗಲವಾದದ್ದು, ನೇರವಾದದ್ದು. ಜಾಗ ಖಾಲಿ ಇದ್ದದ್ದು ವಿಶಾಲಕ್ಕನ ಮನೆಯ ಹಿಂದೆ. ಆದ್ದರಿಂದ ರಸ್ತೆ ಹಿಂದೆಯೇ, ಬಚ್ಚಲುಮನೆಯ ಕಿಟಕಿಗೆ ಭುಜ ತಾಗಿಸಿಕೊಂಡು ಹಾದುಹೋಯಿತು. ಒಂದೇ ವಾರದಲ್ಲಿ ಮನೆಯ ಮುಂಭಾಗ ಕಾಡಾಗಿ, ಹಿಂಭಾಗ ಊರಾಯಿತು. ರಂಗೋಲಿ ಅಳಿಯದೆ ಉಳಿಯಿತು, ನೋಡುವವರಿಲ್ಲ. ಅತ್ತ ಗುಂಡಣ್ಣ ಹಂಡೆಯ ಪಕ್ಕ ಕೂತು ಮೈಗೆ ನೀರು ಹೊಯ್ದುಕೊಳ್ಳುತ್ತಿದ್ದರೆ ಕಿಟಕಿಯಾಚೆಯಿಂದ “ಗುಂಡಣ್ಣ, ನೀರು ಕಾದಿದ್ಯಾ?” ಎಂದು ಕೇಳುವವರು ಒಬ್ಬಿಬ್ಬರಲ್ಲ. ಹಳೆಯ ಸುಂಕ, ಕಟ್ಟುವ ಗೇಟು ಮಾತ್ರ ಬದಲಾಗಿತ್ತು. ಮರ್ಯಾದಸ್ಥರಾದ ಗುಂಡಣ್ಣ ಸೋಪು ಹಚ್ಚಿದ ಮುಖದಲ್ಲೇ “ಹ್ಞಾಂ, ಕಾದಿದೆ, ಬನ್ನಿ” ಎನ್ನುತ್ತಿದ್ದರು.

ಅಕ್ಕ ಮೆಂಬರನ್ನು ತಡೆದು ನಿಲ್ಲಿಸಿದರು.

“ನೀವೇ ಅಲ್ದಾ ಅಕ್ಕ ರಸ್ತೆ ಕೇಳಿದ್ದು?”

“ಕೇಳಿದ್ದು ಹೌದು ಮಾರಾಯ. ಬಚ್ಚಲಿಗೆ ಕೇಳಿದ್ದಾ?”

ನಗು ಅಲ್ಲಿಗೆ ನಿಂತಿತು. ಹೊಸ ರಸ್ತೆಯ ಬಾಯಲ್ಲಿ ಹೊಸ ಟೈಲರೊಬ್ಬ ಬಂದು ಕೂತ. ಜಗಲಿಯ ತನಕ ಬಳಸಿಕೊಂಡು ಬರುವವರು ಕಡಿಮೆಯಾದರು, ಆಮೇಲೆ ಇಲ್ಲವಾದರು. ಯಂತ್ರದ ಮೇಲೆ ಹಳೆಯ ಸೀರೆ ಹೊದೆಸಿದ್ದನ್ನು ನಾನು ಕಂಡೆ. ಕಂಡೆ ಎಂದು ಬರೆದೆನಲ್ಲ, ಬಹುಶಃ ಹೆಂಡತಿ ಹೇಳಿದ್ದು. ಆದರೆ ಹೊದೆಸಿದ್ದಂತೂ ನಿಜ.

ಅಕ್ಕ ಮುಂದಿನ ಹೆಜ್ಜೆಗೆ ಬಂದ ಬಗೆಯನ್ನು ನಾನು ಒಂದು ಸೊಗಸಾದ ದೃಶ್ಯವಾಗಿ ಬರೆದಿದ್ದೆ: ಸಂಜೆ, ಮೌನ, ಕಿಟಕಿಯಲ್ಲಿ ನಿಂತ ಹೆಣ್ಣು. ಹೊಡೆದುಹಾಕಿದೆ. ನೆನಪೂ ರಸ್ತೆ ಮಾಡಿಸುವವರ ಹಾಗೆಯೇ. ತಿರುವು ಕಂಡರೆ ಆಗದು, ಎಲ್ಲವನ್ನೂ ನೇರ ಮಾಡಿ ಮೇಲೆ ಕಾಂಕ್ರೀಟು ಸುರಿಯುತ್ತದೆ. ಅಕ್ಕನನ್ನೇ ಕೇಳಿದರೆ, “ಎಂತದೂ ಇಲ್ಲ. ಜನ ಹೋಗೂದು ಅಲ್ಲಿ. ನಾ ಇಲ್ಲಿ ಕೂತು ಎಂತ ಮಾಡೂದು?” ಎಂದರು.

ಹಾಗಾಗಿ ಬಚ್ಚಲು ಅಂಗಡಿಯಾಯಿತು. ಹಂಡೆ ಎದ್ದು ಜಗಲಿಯ ಮೂಲೆಗೆ ಬಂತು, ಯಂತ್ರ ಹಂಡೆಯ ಜಾಗಕ್ಕೆ ಹೋಯಿತು, ಕಿಟಕಿ ಬಾಗಿಲಾಯಿತು. ಗಿರಾಕಿಗಳು ಕೂರುವುದು ಹಳೆಯ ಬಚ್ಚಲೊಲೆಯ ಕಟ್ಟೆಯ ಮೇಲೆ. ಬಾಳಗಡಿಯಿಂದ ಬರುವ ಕಾಲೇಜಿನ ಹುಡುಗಿಯರು ಬ್ಲೌಸಿನ ಅಳತೆ ಕೊಡುವುದು ಒಂದು ಕಾಲದಲ್ಲಿ ಗುಂಡಣ್ಣ ಬೆನ್ನುಜ್ಜಿಕೊಳ್ಳುತ್ತಿದ್ದ ಕಲ್ಲಿನ ಮೇಲೆ ನಿಂತು. ಇತ್ತ ಮುಂಭಾಗದಲ್ಲಿ, ಯಾರೂ ಬಾರದ ಅಂಗಳಕ್ಕೆ ಮುಖ ಮಾಡಿ ಗುಂಡಣ್ಣ ಹಾಡುತ್ತ ಸ್ನಾನ ಮಾಡುತ್ತಾರೆ. ಮೊನ್ನೆ ಅಭ್ಯಾಸಬಲದಿಂದ ತಡಮೆ ದಾಟಿದೆ. ಹಬೆಯೊಳಗಿಂದ, “ಯಾರದು? ಬೋರ್ಡು ಕಾಣ್ಲಿಲ್ವಾ?” ಎಂಬ ಗರ್ಜನೆ.

ಬೋರ್ಡು ಎಲ್ಲಿತ್ತು ಕಾಣಲು? ಕೊನೆಗೂ ಅದು ನಿಜ ನುಡಿಯುವ ಕಾಲ ಬಂದಾಗ ಅಕ್ಕ ಅದನ್ನು ಬೇಲಿಯಿಂದ ಬಿಚ್ಚಿ, ಬೆನ್ನಿಗೆ ‘ಬ್ಲೌಸ್ ಹೊಲಿದು ಕೊಡಲಾಗುವುದು’ ಎಂದು ಬರೆದು, ಹೊಸ ಬಾಗಿಲಿಗೆ ತಂತಿಯಲ್ಲಿ ತೂಗುಹಾಕಿದ್ದರು. ಗಾಳಿಗೆ ಅದು ತಿರುಗುತ್ತದೆ. ಕಾಂಕ್ರೀಟು ರಸ್ತೆಯ ನಟ್ಟನಡುವೆ ಬರುವ ಅಪರಿಚಿತರು ‘ಇಲ್ಲಿ ದಾರಿ ಇಲ್ಲ’ ಎಂಬುದನ್ನು ಓದಿ, ಗಲಿಬಿಲಿಗೊಂಡು, ಒಳಗೆ ಇಣುಕಿ ಕೇಳುತ್ತಾರೆ:

“ಅಕ್ಕ, ಮುಂದೆ ಹೋಗ್ಬಹುದಾ?”

“ಹೋಗ್ಬಹುದು, ಹೋಗ್ಬಹುದು. ಎಂತ ಅವಸರ? ಕೂತ್ಕಳಿ.”

ತಂತಿಯನ್ನು ಬಿಗಿ ಮಾಡಿಕೊಡಲೇ ಎಂದು ಕೇಳಿದೆ. ಅಕ್ಕ ಬಾಯಲ್ಲಿದ್ದ ದಾರ ಕಚ್ಚಿ ಕತ್ತರಿಸಿ, ಬೇಡ ಎಂದರು. ಅಂದಹಾಗೆ, ಆ ಹಳೆಯ ಅಕ್ಷರ ಕೆಂಪೂ ಅಲ್ಲ, ಹಸಿರೂ ಅಲ್ಲ, ನೀಲಿ.