ಭಾವ ತೂಗಿದ ಎರಡು ಡಬ್ಬಿ

ನನ್ನ ಅಕ್ಕನ ಗಂಡ ತಕ್ಕಡಿ ರಿಪೇರಿ ಮಾಡುವವರು. ಅಂಗಡಿಗಳ ಎಲೆಕ್ಟ್ರಾನಿಕ್ ತೂಕದ ಯಂತ್ರ, ಗೋದಾಮಿನ ದೊಡ್ಡ ಕಾಟಾ, ಔಷಧಿ ತಯಾರಿಸುವವರ ಗಾಜಿನ ಪೆಟ್ಟಿಗೆಯೊಳಗಿನ ಪುಟ್ಟ ತಕ್ಕಡಿ, ಎಲ್ಲವೂ ಅವರ ಕೈಗೆ ಬರುತ್ತವೆ. ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಅವರ ಕೋಣೆ. ಇರುವುದೊಂದೇ ಕಿಟಕಿ, ಅದೂ ಸದಾ ಮುಚ್ಚಿರಬೇಕು. ಗಾಳಿ ಬಂದರೆ ಮುಳ್ಳು ಅಲುಗುತ್ತದಂತೆ. ನಮಗೆ ಸೀನು ಬಂದರೆ ಎದ್ದು ಹೊರಗೆ ಹೋಗಬೇಕು. ತೂಕದ ಬಟ್ಟುಗಳನ್ನು ಅವರು ಬರಿಗೈಯಲ್ಲಿ ಮುಟ್ಟುವುದಿಲ್ಲ, ಮೆತ್ತನೆ ಬಟ್ಟೆಯಲ್ಲಿ ಹಿಡಿಯುತ್ತಾರೆ. ಬೆರಳಿನ ಜಿಡ್ಡಿಗೂ ತೂಕವಿದೆ ಎನ್ನುವುದು ಅವರ ವಾದ. ಅವರನ್ನು ನಂಬದ ವ್ಯಾಪಾರಿ ಸುತ್ತಮುತ್ತ ಒಬ್ಬನೂ ಇಲ್ಲ. ಆದರೆ ಅವರ ಜೊತೆ ಒಮ್ಮೆ ಚಪ್ಪಲಿ ಕೊಳ್ಳಲು ಹೋದವರು ಎರಡನೆಯ ಸಲ ಹೋದದ್ದನ್ನು ನಾನು ಕಾಣೆ.

"ನಮ್ಮ ಭಾವ ಮದುವೆಗೆ ಹೇಗೆ ಒಪ್ಪಿಕೊಂಡ್ರೋ?" ಎಂದು ನಾನು ಅಕ್ಕನನ್ನು ಕೆಣಕುವುದಿತ್ತು.

"ಅದೊಂದನ್ನ ತೂಗದೇ ತಗೊಂಡ್ಬಿಟ್ರು ಕಣೇ. ಆಮೇಲಿಂದ ಹುಷಾರಾಗಿದಾರೆ" ಎನ್ನುತ್ತಿದ್ದಳು ಅಕ್ಕ. ಭಾವನೂ ನಗುತ್ತಿದ್ದರು. ನಗಿಸಿದರೆ ನಗುವ ಮನುಷ್ಯ, ಅದರಲ್ಲಿ ದೂರುವಂಥದ್ದೇನೂ ಇಲ್ಲ.

ನಾನೂ ಅವರ ಮನೆಯಲ್ಲೇ ಇರುವವಳು. ಅವರಿಗೆ ಒಬ್ಬಳೇ ಮಗಳು. ರಿಪೇರಿಯಾದ ಯಂತ್ರಗಳನ್ನು ಪರೀಕ್ಷಿಸುವಾಗ ಭಾವ ಚೀಟಿಗಳನ್ನು ಒಂದರ ಮೇಲೊಂದು ಮುದ್ರಿಸಿ ಬಿಸಾಡುತ್ತಾರಲ್ಲ, ಆ ಚೀಟಿಗಳೆಲ್ಲ ಅವಳ ಪಾಲು. ಅವುಗಳ ಬೆನ್ನಿಗೆ ಚಿತ್ರ ಬರೆದು, ಕಟ್ಟು ಮಾಡಿ, ಹೆಬ್ಬೆರಳಿನಲ್ಲಿ ಸರಸರನೆ ಸರಿಸಿದರೆ ಚಿತ್ರ ಓಡುತ್ತಿತ್ತು. ಒಂದು ಕಟ್ಟಿನಲ್ಲಿ ತಕ್ಕಡಿ, ಅದರ ತಟ್ಟೆಯಲ್ಲಿ ಒಂದು ಕಪ್ಪೆ. ದಪ್ಪ ಮೂಗಿನ ಒಬ್ಬ ಮನುಷ್ಯ ಬಗ್ಗಿ ಮುಳ್ಳು ನೋಡುತ್ತಾನೆ. ಇನ್ನೇನು ಮುಳ್ಳು ನಿಂತಿತು ಎನ್ನುವಾಗ ಕಪ್ಪೆ ಆ ಮೂಗಿನ ಮೇಲಿಂದಲೇ ಹಾರುತ್ತದೆ. ಆ ಮೂಗು ಯಾರದೆಂದು ಹೇಳಬೇಕಾಗಿರಲಿಲ್ಲ. ಭಾವ ಅದನ್ನು ಜೇಬಿನಲ್ಲಿಟ್ಟುಕೊಂಡು, ಕೋಣೆಗೆ ಬಂದ ಗಿರಾಕಿಗಳಿಗೆಲ್ಲ ತೋರಿಸಿದರು. ಮಗಳೆಂದರೆ ಅವರಿಗೆ ಪ್ರಾಣ. ಮುಂದಿನದನ್ನು ಹೇಳುವಾಗ ನನಗೆ ಸಿಟ್ಟು ಬರುವುದೂ ಅದಕ್ಕೇ.

ಚಲಿಸುವ ಚಿತ್ರ ಕಲಿಸುವ ಒಂದು ಶಾಲೆ ಇದೆ, ಅಲ್ಲಿಗೆ ಸೇರಬೇಕು ಎಂದು ಅವಳು ಹೇಳಿದಾಗ ಮನೆಯಲ್ಲಿ ಯಾರೂ ಬೇಡ ಎನ್ನಲಿಲ್ಲ. ಸೇರಲು ಸ್ವಂತವಾಗಿ ಮಾಡಿದ ಒಂದು ನಿಮಿಷದ ಚಿತ್ರ ಕಳಿಸಬೇಕಿತ್ತು. ಗೆಳತಿಯ ಹಳೆಯ ಲ್ಯಾಪ್‌ಟಾಪಿನಲ್ಲಿ ಪ್ರಯತ್ನಿಸಿದಳು. ಹತ್ತು ಚಿತ್ರ ಪೋಣಿಸುವಷ್ಟರಲ್ಲಿ ಅದು ಸುಸ್ತಾಗಿ ಮಲಗುತ್ತಿತ್ತು. "ಅಪ್ಪಾ, ನಾವೇ ಒಂದು ಕಂಪ್ಯೂಟರ್ ಜೋಡಿಸೋಣ್ವಾ? ನೀನು, ನಾನು, ಇಬ್ಬರೇ" ಎಂದಳು. ಭಾವನ ಮುಖ ಅರಳಿತು. ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದೇ ಹುಟ್ಟಿದವರ ಹಾಗೆ ಅವತ್ತೇ ಶುರು ಮಾಡಿದರು.

ಪರದೆ ಬಂತು, ಕೀಬೋರ್ಡ್ ಬಂತು, ಕರಿ ಬಣ್ಣದ ಖಾಲಿ ಪೆಟ್ಟಿಗೆ ಬಂದು ಊಟದ ಮೇಜಿನ ಪಕ್ಕ ಕೂತಿತು. ಉಳಿದದ್ದು ಪ್ರೊಸೆಸರ್, ಅಂದರೆ ಯಂತ್ರದ ಮೆದುಳು, ಮತ್ತು ಅದು ಕೂರುವ ಬೋರ್ಡು. ಮೆದುಳು ಮಾಡುವ ದೊಡ್ಡ ಕಂಪನಿಗಳು ಎರಡು. ನಮ್ಮ ಮನೆಯಲ್ಲಿ ಡಬ್ಬಿಯ ಬಣ್ಣ ನೋಡಿ ಒಂದನ್ನು ನೀಲಿ, ಇನ್ನೊಂದನ್ನು ಕೆಂಪು ಎನ್ನುತ್ತಿದ್ದೆವು. ನೀಲಿಯದು ಕೆಂಪಿನ ಬೋರ್ಡಿನಲ್ಲಿ ಕೂರುವುದಿಲ್ಲ, ಕೆಂಪಿನದು ನೀಲಿಯಲ್ಲಿ ಕೂರುವುದಿಲ್ಲ. ಒಮ್ಮೆ ಒಂದು ಮನೆ ಸೇರಿದರೆ ಅಲ್ಲೇ ಬಾಳಬೇಕು. ಈ ವಿಷಯ ತಿಳಿದ ಮೇಲೆ ಭಾವನಿಗೆ ನಿದ್ದೆ ಹತ್ತಲಿಲ್ಲ.

ಫೋನಿನಲ್ಲಿ ಪರೀಕ್ಷೆಗಳನ್ನು ನೋಡುವುದು, ಹೋಲಿಕೆ ಓದುವುದು, ಬಂದವರನ್ನೆಲ್ಲ ಕೇಳುವುದು. ನೀಲಿ ಒಂದು ಕೆಲಸದಲ್ಲಿ ಕೂದಲೆಳೆಯಷ್ಟು ಮುಂದೆ, ಕೆಂಪು ಮತ್ತೊಂದರಲ್ಲಿ. ಸೋಮವಾರ ನೀಲಿ ಎಂದವರು ಗುರುವಾರ ಕೆಂಪು ಎನ್ನುತ್ತಿದ್ದರು. ಅಷ್ಟರಲ್ಲಿ ನೀಲಿಯವರು ಹೊಸದೊಂದು ತರುತ್ತಾರೆಂಬ ಸುದ್ದಿ. ಅದು ಬರಲಿ ಎಂದು ಕಾದರೆ ಕೆಂಪಿನವರದೂ ಹೊಸದು. ತಕ್ಕಡಿಯಲ್ಲಿ ಕಪ್ಪೆ ತೂಗಿದ ಹಾಗೆ ಎನ್ನುತ್ತಾರಲ್ಲ, ಅದು ನಮ್ಮ ಊಟದ ಮೇಜಿನ ಮೇಲೆ ದಿನಾ ನಡೆಯುತ್ತಿತ್ತು.

"ರೀ, ಎರಡೂ ಬೇಡ ಬಿಡಿ, ಈ ಪೆಟ್ಟಿಗೆಗೆ ಒಂದು ಬೀಗ ತನ್ನಿ. ಬೀರು ಅಂತ ಇಟ್ಕೋತೀನಿ" ಎಂದ ಅಕ್ಕ ಅದರೊಳಗೆ ಕರೆಂಟಿನ ಬಿಲ್ಲು, ಹೊಲಿಗೆಯ ದಾರ, ಹಳೆ ಕನ್ನಡಕ ಇಡತೊಡಗಿದಳು. ಮಗಳೂ ತನ್ನ ಚೀಟಿಯ ಕಟ್ಟುಗಳನ್ನು, ಕಪ್ಪೆಯದೂ ಸೇರಿ, ಅಲ್ಲೇ ಇಟ್ಟಳು. ನಾವೆಲ್ಲ ನಕ್ಕೆವು. ಆಗ ನಗುವುದಕ್ಕೆ ಇನ್ನೂ ಸಮಯವಿತ್ತು.

ಚಿತ್ರ ಕಳಿಸುವ ಗಡುವು ಹತ್ತಿರ ಬಂದಾಗ ನಾನೇ ಕಾಟ ಕೊಟ್ಟು ಇಬ್ಬರನ್ನೂ ಕಂಪ್ಯೂಟರ್ ಅಂಗಡಿಗೆ ಹೊರಡಿಸಿದೆ, ಜೊತೆಗೆ ನಾನೂ ಹೋದೆ. ಅಂಗಡಿಯವನು ಗಾಜಿನ ಮೇಜಿನ ಮೇಲೆ ಎರಡು ಡಬ್ಬಿ ಇಟ್ಟ. ಮಗಳು ಕೆಂಪು ಡಬ್ಬಿಯನ್ನು ಎತ್ತಿಕೊಂಡಳು. ಅದು ಹೆಚ್ಚೆಂದೇನಲ್ಲ, ಕೈಗೆ ಹತ್ತಿರವಿತ್ತು ಅಷ್ಟೆ. ಎರಡೂ ಕೈಯಲ್ಲಿ ಹಿಡಿದು ಎದೆಗೆ ಆನಿಸಿಕೊಂಡಳು.

"ಅಪ್ಪಾ, ಇದೇ ಇರಲಿ. ಇವತ್ತೇ ಮನೆಗೆ ಹೋಗಿ ಜೋಡಿಸೋಣ."

"ಯಾಕೆ ಅದು? ಕಾರಣ ಹೇಳು."

"ಕಾರಣ ಏನಿಲ್ಲಪ್ಪ. ಯಾವುದಾದ್ರೂ ಸರಿ."

"ಎರಡೂ ಒಂದೇ ಸಾರ್, ಇವರ ಕೆಲಸಕ್ಕೆ" ಎಂದ ಅಂಗಡಿಯವನು. "ಕಣ್ಣು ಮುಚ್ಕೊಂಡು ಒಂದು ತಗೊಂಡು ಹೋಗಿ."

ಅವನು ಆ ಮಾತು ಆಡಬಾರದಿತ್ತು. ಎರಡು ವಸ್ತು ಒಂದೇ ತೂಕ ಎಂದು ಹೇಳಿದವರನ್ನು ಭಾವ ಜೀವಮಾನವಿಡೀ ಸುಳ್ಳರೆಂದು ಸಾಬೀತು ಮಾಡುತ್ತ ಬಂದವರು. ಅವರ ಅನ್ನವೇ ಅದು. ಮುಖ ಬಿಗಿಯಿತು. "ಒಂದೇ ಅನ್ನೋದು ಜಗತ್ತಲ್ಲಿ ಯಾವುದೂ ಇಲ್ಲ ಕಣಪ್ಪ. ಸರಿಯಾಗಿ ನೋಡದೆ ಇರೋರು ಆಡೋ ಮಾತದು" ಎಂದರು. ಆಮೇಲೆ ಮಗಳ ಕಡೆ ತಿರುಗಿ, ಬಹಳ ಪ್ರೀತಿಯಿಂದಲೇ, "ಕೆಳಗಿಡಮ್ಮ. ಇನ್ನೊಂದು ವಾರ ನೋಡಿ ಒಳ್ಳೇದೇ ತಗೊಳ್ಳೋಣ" ಎಂದರು.

ಅವಳು ಇಟ್ಟಳು. ದಾರಿಯುದ್ದಕ್ಕೂ ಭಾವ ಇನ್ನೇನು ಬರಲಿರುವ ಹೊಸ ಮಾದರಿಯ ಗುಣಗಾನ ಮಾಡಿದರು. ಅವಳು ಹೂಂ ಹೂಂ ಎನ್ನುತ್ತ ನಡೆದಳು. ಮನೆಗೆ ಬಂದ ಮೇಲೆ ನಾನು ಭಾವನ ಮೇಲೆ ಕೂಗಾಡಿದೆ. "ಅವಸರದಲ್ಲಿ ತಗೊಂಡು ಆಮೇಲೆ ಅವಳು ಅಳಬೇಕಾ?" ಎಂದು ಅವರೂ ಕೂಗಿದರು. ಅಂದರೆ ಅವರಿಗಿದ್ದ ಹೆದರಿಕೆ ಅದು, ಮಗಳಿಗೆ ಕಡಿಮೆಯದು ಸಿಕ್ಕಿಬಿಟ್ಟರೆ ಎಂದು. ಆ ಹೊತ್ತಿನಲ್ಲಿ ನನಗೆ ಅದು ಹೊಳೆಯಲಿಲ್ಲ. ಹೊಳೆದಿದ್ದರೂ ಕೂಗುತ್ತಿದ್ದೆ.

ಗಡುವು ಕಳೆಯಿತು. ಮುಂದಿನ ವರ್ಷ ಕಳಿಸಿದರಾಯಿತು ಎಂದುಕೊಂಡರು. ಆ ವರ್ಷವೂ ನೀಲಿ, ಕೆಂಪು ಎನ್ನುವಷ್ಟರಲ್ಲಿ ಕಳೆಯಿತು. ಅವಳು ಜಗಳವಾಡಲಿಲ್ಲ, ಅತ್ತದ್ದನ್ನೂ ನಾನು ನೋಡಲಿಲ್ಲ. ಕೇಳುವುದನ್ನು ನಿಲ್ಲಿಸಿದಳು, ಅಷ್ಟೆ. ಒಂದು ದಿನ ಊಟಕ್ಕೆ ಕೂತಾಗ, ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೋರ್ಸಿಗೆ ಸೇರಿಕೊಂಡೆ ಎಂದಳು. ಭಾವ ಅನ್ನ ಕಲಸುವುದನ್ನು ಬಿಟ್ಟು ಅವಳ ಮುಖ ನೋಡಿದರು. "ಮತ್ತೆ ಕಂಪ್ಯೂಟರು? ಈಗ ಬಂದಿರೋ ನೀಲಿ ನಿಜಕ್ಕೂ ಚೆನ್ನಾಗಿದೆ" ಎಂದರು. "ನೋಡು ಅಪ್ಪಾ, ನಿಧಾನಕ್ಕೆ ನೋಡು" ಎಂದಳು ಅವಳು. ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಕೋರ್ಸು ಮುಗಿದು ಆಸ್ಪತ್ರೆಯಲ್ಲಿ ಕೆಲಸವೂ ಸಿಕ್ಕಿತು. ಅವಳು ಕೆಲಸಕ್ಕೆ ಹೋಗತೊಡಗಿದ ಮೇಲೆ, ಭಾವನ ಕೆಲಸಕ್ಕೆ ರಜೆಯಿದ್ದ ಒಂದು ದಿನ, ಅಕ್ಕ ಕನ್ನಡಕ ಹುಡುಕುತ್ತ ಆ ಪೆಟ್ಟಿಗೆಯನ್ನು ಬರಿದು ಮಾಡಿದಳು. ದಾರದ ಉಂಡೆಗಳ ಜೊತೆ ಕಪ್ಪೆಯ ಕಟ್ಟೂ ಹೊರಬಂತು. ಬಿಸಿಲು ಕಾಣದ ಕಡೆ ಇದ್ದುದರಿಂದ ಗೆರೆಗಳು ಹಾಗೇ ಇದ್ದವು. ಭಾವ ಅದನ್ನು ಹೆಬ್ಬೆರಳಲ್ಲಿ ಒಮ್ಮೆ ಸರಿಸಿದರು, ಇನ್ನೊಮ್ಮೆ ಸರಿಸಿದರು. ಅಂಗಿ ಹಾಕಿಕೊಂಡು ಹೊರಟೇ ಹೋದರು. ಒಬ್ಬರೇ ಹೋಗುವುದು ಬೇಡವೆಂದು ನಾನೂ ಹಿಂದೆ ಓಡಿದೆ.

ಅಂಗಡಿಯವನು ಗುರುತು ಹಿಡಿದು ನಕ್ಕ. ಅವತ್ತಿನ ಎರಡು ಮಾದರಿಗಳೂ ಈಗ ಬರುವುದಿಲ್ಲ, ಎರಡರದ್ದೂ ಹೊಸದು ಇದೆ, ಯಾವುದು ಬೇಕು ಎಂದು ಕೇಳಿದ.

"ಯಾವುದೋ ಒಂದು ಕೊಡಪ್ಪ" ಎಂದರು ಭಾವ. ನನ್ನ ಕಿವಿಯನ್ನು ನಾನೇ ನಂಬಲಿಲ್ಲ.

ಮಧ್ಯಾಹ್ನವಿಡೀ ಮನೆಯಲ್ಲಿ ಒಬ್ಬರೇ ಜೋಡಿಸಿದರು. ಕಿಟಕಿ ತೆರೆದೇ ಇತ್ತು, ಅದರ ಕಡೆ ಗಮನವೇ ಇರಲಿಲ್ಲ. ನಾನು ಪಕ್ಕದಲ್ಲಿ ಟಾರ್ಚು ಹಿಡಿದು ನಿಂತಿದ್ದೆ. ತುಟಿ ಬಿಗಿಹಿಡಿದು ಪ್ರೊಸೆಸರನ್ನು ಬರಿಗೈಯಲ್ಲೇ ಅದರ ಜಾಗದಲ್ಲಿ ಇಳಿಸಿದರು. ಯಂತ್ರ ಮೊದಲ ಸಲಕ್ಕೇ ಶುರುವಾಯಿತು. ಆಮೇಲೆ ಫೋನಿನಲ್ಲಿ ಒಂದೊಂದೇ ಚೀಟಿಯ ಫೋಟೋ ತೆಗೆದು, ಎಲ್ಲೋ ಓದಿಕೊಂಡು, ತಪ್ಪು ಮಾಡಿ, ಮತ್ತೆ ಮಾಡಿ, ಸಂಜೆಯ ಹೊತ್ತಿಗೆ ಕಪ್ಪೆಯನ್ನು ಪರದೆಯ ಮೇಲೆ ತಂದರು.

ಮಗಳು ಕೆಲಸ ಮುಗಿಸಿ ಬಂದಳು. ಎದೆಯ ಮೇಲೆ ಎಕ್ಸ್‌ರೇ ಕೋಣೆಯವರು ಹಾಕಿಕೊಳ್ಳುವ ಬ್ಯಾಡ್ಜು ಇನ್ನೂ ಹಾಗೇ ಇತ್ತು. ಭಾವ ಕುರ್ಚಿ ಬಿಟ್ಟುಕೊಟ್ಟು ಗುಂಡಿ ಒತ್ತಿದರು. ದಪ್ಪ ಮೂಗಿನ ಮನುಷ್ಯ ಬಗ್ಗಿದ, ಕಪ್ಪೆ ಹಾರಿತು, ಗಾಳಿಯಲ್ಲೇ ನಿಂತುಬಿಟ್ಟಿತು. ಚೀಟಿಗಳು ಅಷ್ಟೇ ಇದ್ದವು.

ಅವಳು ಗಟ್ಟಿಯಾಗಿ ನಕ್ಕಳು. "ಅಯ್ಯೋ, ನಿನ್ನ ಮೂಗು! ಚೆನ್ನಾಗಿದೆ ಅಪ್ಪಾ ಕಂಪ್ಯೂಟರ್. ಯಾವುದು ತಗೊಂಡೆ ಕೊನೆಗೆ?"

"ಅವನು ಕೊಟ್ಟಿದ್ದು" ಎಂದರು ಭಾವ. "ಮುಂದಿಂದು ಬರೀಬೇಕು ನೀನು. ಅದು ಎಲ್ಲಿಗೆ ಬೀಳತ್ತೆ ಅಂತ. ಈಗ ಯಂತ್ರ ಇದೆಯಲ್ಲ."

ಅವಳು ಮೇಜಿನ ಮೇಲಿದ್ದ ಪೆನ್ಸಿಲ್ ಎತ್ತಿಕೊಂಡು ಚೀಟಿಯೊಂದರ ಬೆನ್ನಿಗೆ ಎರಡು ಗೆರೆ ಎಳೆದಳು, ಮತ್ತೆರಡು ಎಳೆದಳು. ಏನೂ ಆಗಲಿಲ್ಲ. ಪೆನ್ಸಿಲ್ ಇಟ್ಟಳು. "ಕೈ ಬಿಟ್ಟುಹೋಗಿದೆ ಅಪ್ಪಾ. ಕಪ್ಪೆ ಹೇಗಿರತ್ತೆ ಅನ್ನೋದೂ ಮರೆತಿದೆ ನನಗೆ" ಎಂದು ಅವರ ತೋಳು ತಟ್ಟಿ, ಕೈಕಾಲು ತೊಳೆಯಲು ಒಳಗೆ ಹೋದಳು.

ಭಾವ ಮತ್ತೆ ಗುಂಡಿ ಒತ್ತಿದರು. ಕಪ್ಪೆ ಹಾರಿ ನಿಂತಿತು. ಇಷ್ಟು ವರ್ಷ ಬೈಯಲೆಂದು ಮಾತು ಕೂಡಿಟ್ಟುಕೊಂಡಿದ್ದ ನಾನು ಮೇಜಿನ ಮೇಲಿದ್ದ ಚೀಟಿಗಳನ್ನು ಜೋಡಿಸತೊಡಗಿದೆ. ಅವರೇ ಮಾತಾಡಿದರು, ನನ್ನ ಕಡೆ ನೋಡದೆ.

"ಅವತ್ತು ಡಬ್ಬಿ ಅವಳ ಕೈಯಲ್ಲೇ ಇತ್ತಲ್ಲಮ್ಮ. ಕೆಳಗಿಡು ಅಂದೆ ನಾನು."